ಮುರಿದು ಕೂಡಿದ ಮೂಳೆ

ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರು ನನ್ನನ್ನು ಕಂಡರೆ ಮೊದಲು ಚೀಲ ನೋಡುತ್ತಿದ್ದರು, ಆಮೇಲೆ ಮುಖ. "ಮೇಡಂ, ಇವತ್ತೇನೈತ್ರಿ ಒಳಗೆ?" ಒಮ್ಮೆ ಕತ್ತೆಯ ದವಡೆ ಇತ್ತು. ಇನ್ನೊಮ್ಮೆ ಕುರಿಯ ಬೆನ್ನುಮೂಳೆ, ಒಂದೊಂದೇ ಮಣಿಯನ್ನು ದಾರಕ್ಕೆ ಪೋಣಿಸಿದ್ದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಹೂವಿನ ಹಾರ ಇರಬೇಕೆಂದು ಚೀಲದೊಳಗೆ ಇಣುಕಿ ನೋಡಿ, ಎದ್ದು ಡ್ರೈವರ್ ಹಿಂದಿನ ಸೀಟಿಗೆ ಹೋದಳು. ನಾನು ತಳಕು ದಾಟುವವರೆಗೂ ಒಳಗೊಳಗೇ ನಗುತ್ತಿದ್ದೆ. ಆಗೆಲ್ಲ ನನಗೆ ಇಂಥದ್ದಕ್ಕೆ ಬೇಗ ನಗು ಬರುತ್ತಿತ್ತು.

ನಾನು ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಕೆಲಸಕ್ಕೆ ಸೇರಿದಾಗ 'ಮ್ಯೂಸಿಯಂ' ಎಂದು ಬೋರ್ಡು ಹಾಕಿದ್ದ ಕೋಣೆಯಲ್ಲಿ ಇದ್ದದ್ದು ಎರಡು ಗಾಜಿನ ಜಾಡಿ. ಒಂದರಲ್ಲಿ ಬಣ್ಣವೆಲ್ಲ ಬಿಟ್ಟು ಬೆಳ್ಳಗಾದ ಹಾವು. ಇನ್ನೊಂದರಲ್ಲಿ ಏನೂ ಇರಲಿಲ್ಲ, ಚೀಟಿ ಮಾತ್ರ ಇತ್ತು. ಅಟೆಂಡರನ್ನು ಕೇಳಿದೆ. "ಅದು ಕರಗೋತ್ರಿ ಮೇಡಂ," ಅಂದ, ತಾನೇ ಕುಡಿದು ಮುಗಿಸಿದವನ ಹಾಗೆ ತಲೆ ತಗ್ಗಿಸಿ. ಆ ಕೋಣೆಯನ್ನು ತುಂಬಿಸಬೇಕೆಂಬ ಹುಚ್ಚು ಅವತ್ತೇ ಹಿಡಿಯಿತು.

ಕಾನೂನು ನನಗೆ ಗೊತ್ತಿತ್ತು. ಕೃಷ್ಣಮೃಗದ ಕೊಂಬು ಬಯಲಲ್ಲಿ ಬಿದ್ದಿದ್ದರೂ ಎತ್ತಿಕೊಳ್ಳುವಂತಿಲ್ಲ, ನವಿಲಿನ ಮೂಳೆ ಮುಟ್ಟುವಂತಿಲ್ಲ. ಹಾಗಾಗಿ ಊರಿನ ಪ್ರಾಣಿಗಳೇ ನನಗೆ ಗತಿ. ಕುರಿ, ಮೇಕೆ, ನಾಯಿ, ಕತ್ತೆ. ಕಲ್ಲುಗಳನ್ನೂ ಬಿಡಲಿಲ್ಲ. ಬೆಣಚುಕಲ್ಲು, ಕಬ್ಬಿಣದ ಕೆಂಪು ಅದಿರು, ಹಾಳೆಹಾಳೆಯಾಗಿ ಬಿಡುವ ಕಾಗೆಬಂಗಾರ. ವಿದ್ಯಾರ್ಥಿಗಳು ತಮ್ಮ ಹೊಲದಲ್ಲಿ ಸಿಕ್ಕಿದ್ದನ್ನೆಲ್ಲ ಕರ್ಚೀಫಿನಲ್ಲಿ ಕಟ್ಟಿ ತರುತ್ತಿದ್ದರು. ಅರ್ಧಕ್ಕರ್ಧ ಕೆಲಸಕ್ಕೆ ಬಾರದ್ದು. ಆದರೆ ಎದುರಿಗೆ ಹಾಗನ್ನಲು ಮನಸ್ಸು ಬರದೆ ಎಲ್ಲಕ್ಕೂ ನಂಬರ್ ಕೊಟ್ಟು ಇಟ್ಟೆ.

ದೊಡ್ಡ ರಾದ್ಧಾಂತವಾದದ್ದು ಕೋಳಿಯಿಂದ. ನಮ್ಮ ಕುಲದವರ ಮನೆಗಳಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ. ಹೊಸ್ತಿಲೊಳಗೆ ಅದರ ಗರಿ ಕೂಡ ಬರಕೂಡದು. ನಾನು ಕಾಲೇಜಿಗೆಂದು ಕೋಳಿಯ ಅಸ್ಥಿಪಂಜರ ಜೋಡಿಸುತ್ತಿದ್ದೇನೆಂದು ಯಾರೋ ಊರಿನಲ್ಲಿ ಹೇಳಿಬಿಟ್ಟಿದ್ದರು. ಆ ಸಲ ಹೋದಾಗ ಅವ್ವ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ, ತಲೆಯ ಮೇಲೆ ಎರಡು ಕೊಡ ತಣ್ಣೀರು ಸುರಿದು, ಆಮೇಲೆ ಒಳಗೆ ಕರೆದಳು. ಅಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. "ನೋಡು ತಾಯಿ, ನಾನು ಬದುಕಿರೋ ದನದ ಹಿಂದೆ ಅಲೀತೀನಿ, ನೀನು ಸತ್ತಿದ್ದರ ಹಿಂದೆ. ಇಬ್ರುದೂ ಒಂದೇ ಕಸುಬಾತು," ಅಂದ. ನಾನು ನೆಂದ ಕೋಳಿಯ ಹಾಗೆ ನಿಂತಿದ್ದೆ, ಹಾಗೆಂದು ಬಾಯಿಬಿಟ್ಟು ಹೇಳುವಂತೆಯೂ ಇರಲಿಲ್ಲ.

ಅಪ್ಪ ಕಿಲಾರಿ. ಎಂದರೆ ದೇವರ ಎತ್ತುಗಳನ್ನು ಕಾಯುವವನು. ನಮ್ಮವರು ದೇವರ ಹೆಸರಿಗೆ ಬಿಟ್ಟ ದನಗಳ ಹಿಂಡು ಮೊಳಕಾಲ್ಮೂರಿನ ಸುತ್ತಮುತ್ತ ಇನ್ನೂ ಇದೆ. ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ, ಮಾರುವುದಿಲ್ಲ. ಕಿಲಾರಿ ಅವುಗಳ ಜೊತೆ ಬರಿಗಾಲಲ್ಲಿ ಕಾವಲು ಎಂಬ ಮೇವಿನ ಬಯಲು ಸುತ್ತುತ್ತಾನೆ, ದನ ಕೂಡಿಹಾಕುವ ರೊಪ್ಪದ ಬಾಗಿಲಲ್ಲೇ ಮಲಗುತ್ತಾನೆ. ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಾನೆ. ಬೇರೆಯವರ ದನ ಸತ್ತರೆ ಊರಾಚೆ ಎಳೆದು ಹಾಕುತ್ತಾರೆ. ದೇವರ ಎತ್ತು ಸತ್ತರೆ ಹಾಗಲ್ಲ. ಮನೆಯ ಹಿರಿಯರು ಹೋದಂತೆ ಹೊಸ ಬಟ್ಟೆ ಹೊದಿಸಿ, ಉರುಮೆ ಬಾರಿಸಿ, ಆಳವಾಗಿ ಗುಂಡಿ ತೋಡಿ ಮಣ್ಣು ಮಾಡುತ್ತಾರೆ. ಆ ಗುಂಡಿಗೆ ಕಿಲಾರಿಯೇ ಮೊದಲ ಗುದ್ದಲಿ ಹಾಕಬೇಕು. ಅಲ್ಲಿಗೆ ಆ ಎತ್ತಿನ ಮಟ್ಟಿಗೆ ಅವನ ಕೆಲಸ ಮುಗಿದಂತೆ.

ಒಂದು ವರ್ಷ ಮಳೆ ಚೆನ್ನಾಗಿ ಬಿತ್ತು. ದಸರಾ ರಜೆಗೆ ಊರಿಗೆ ಹೋದವಳು ಅಪ್ಪನಿಗೆ ಬುತ್ತಿ ಹಿಡಿದು ಕಾವಲಿನ ಕಡೆ ನಡೆಯುತ್ತಿದ್ದೆ. ಹಳ್ಳ ಹರಿದು ಇಳಿದಿತ್ತು. ದಡ ಕುಸಿದ ಕಡೆ, ಮರಳಿನಲ್ಲಿ ಅರ್ಧ ಹೂತುಹೋಗಿ, ಒಂದು ಎತ್ತಿನ ತಲೆಬುರುಡೆ. ಕೊಂಬಿನ ಮೇಲುಸಿಪ್ಪೆ ಕಳಚಿ ಒಳಗಿನ ತಿರುಳು ಮಾತ್ರ ಉಳಿದಿತ್ತು. ಹಲ್ಲು ಒಂದೂ ಉದುರಿರಲಿಲ್ಲ. ಅಂಥ ಬುರುಡೆಗಾಗಿ ಎಷ್ಟು ವರ್ಷದಿಂದ ಕಾಯುತ್ತಿದ್ದೆನೋ.

ನಮ್ಮವರಲ್ಲದ ಯಾರಾದರೂ ಆಗಿದ್ದರೆ ಏನೂ ಯೋಚಿಸದೆ ಎತ್ತಿಕೊಳ್ಳುತ್ತಿದ್ದರು. ನಾನು ಯೋಚಿಸಿದೆ. ದೇವರ ಎತ್ತಾಗಿದ್ದರೆ ಮಣ್ಣಿನೊಳಗೆ ಇರುತ್ತಿತ್ತು. ಇದು ಬಯಲಲ್ಲಿ ಬಿದ್ದಿದೆ. ಆದ್ದರಿಂದ ಇದು ಯಾರದೋ ಮನೆಯ ಎತ್ತು. ಲೆಕ್ಕ ಸರಿಯಾಗಿ ಕೂಡಿತು. ಹಳ್ಳ ದಡವನ್ನು ಕೊರೆಯುತ್ತದೆ, ಹೂತದ್ದನ್ನು ಹೊರಗೆ ಹಾಕುತ್ತದೆ ಎಂದು ಪಳೆಯುಳಿಕೆಯ ಪಾಠದಲ್ಲಿ ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಹೇಳುವವಳು ನಾನೇ. ಅವತ್ತು ಅದು ನೆನಪಾಗಲಿಲ್ಲ. ನೆನಪಾಗುವುದು ನನಗೆ ಬೇಕಿರಲಿಲ್ಲ ಎಂದರೆ ಹೆಚ್ಚು ಸರಿ.

ಅಪ್ಪ ಅಲ್ಲಿಂದ ಕೂಗಳತೆಯಲ್ಲಿದ್ದ. ಕರೆದು ತೋರಿಸಬಹುದಿತ್ತು. ತೋರಿಸಿದರೆ ಬಿಡು ಅಂತಾನೆ ಎಂಬ ಭಯಕ್ಕೆ ಬುರುಡೆಯನ್ನು ಜಾಲಿಗಿಡದ ಮರೆಯಲ್ಲಿ ಇಟ್ಟು, ಬುತ್ತಿ ಕೊಟ್ಟು, ಅವನು ಉಂಡು ಕೈ ತೊಳೆಯುವವರೆಗೆ ಕೂತಿದ್ದೆ. ಹಿಂದಿರುಗುವಾಗ ಅದನ್ನು ಬುತ್ತಿಯ ಬಟ್ಟೆಯಲ್ಲಿ ಸುತ್ತಿಕೊಂಡೆ. ಕಳ್ಳತನ ಅಂತ ಆಗ ಅನಿಸಲಿಲ್ಲ. ಈಗ ಬೇರೆ ಯಾವ ಹೆಸರೂ ಸಿಗುತ್ತಿಲ್ಲ.

ಮೂಳೆ ಸ್ವಚ್ಛ ಮಾಡುವುದಕ್ಕೆ ತಾಳ್ಮೆ ಬೇಕು. ಕುದಿಸಿದರೆ ಬಿರುಕು ಬಿಡುತ್ತದೆ, ಬಿಸಿಲಿಗಿಟ್ಟರೆ ಸೀಳುತ್ತದೆ. ಉಗುರುಬೆಚ್ಚಗಿನ ಸೋಡಾ ನೀರಲ್ಲಿ ನೆನೆಹಾಕಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಸಂದುಗೊಂದಿನ ಮಣ್ಣು ತೆಗೆದು, ಪೆರಾಕ್ಸೈಡ್ ಹಚ್ಚಿ ನೆರಳಲ್ಲಿ ಒಣಗಿಸಿದೆ. ಅಲ್ಲಾಡುತ್ತಿದ್ದ ಎರಡು ಹಲ್ಲುಗಳಿಗೆ ಅಂಟು ಹಾಕಿದೆ. ಬಲಗಣ್ಣಿನ ಗೂಡಿನ ಮೇಲೆ ಮೆತ್ತಿಕೊಂಡಿದ್ದ ಮಣ್ಣು ಬಿಟ್ಟಾಗ ನನ್ನ ಕೈ ನಿಂತಿತು. ಅಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು, ಅದರ ಸುತ್ತ ಗಂಟುಗಂಟಾದ ಅಂಚು. ಎಂದೋ ಒಡೆದ ಮೂಳೆ ಮತ್ತೆ ಕೂಡಿಕೊಂಡಿತ್ತು. ಪುಸ್ತಕದ ಚಿತ್ರದಲ್ಲಿ ಕೂಡ ಇಷ್ಟು ಸ್ಪಷ್ಟವಾಗಿ ನೋಡಿರಲಿಲ್ಲ. ಆ ದಿನ ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ, ಅಷ್ಟು ಸಂತೋಷವಾಗಿತ್ತು.

ಬುರುಡೆಯ ಹಿಂಭಾಗದಲ್ಲಿ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದು, ಅದರ ಮೇಲೆ ಕಪ್ಪು ಶಾಯಿಯಲ್ಲಿ ನಲವತ್ತೊಂದು ಎಂದು ಬರೆದು, ಮೇಲೆ ಇನ್ನೊಂದು ಪದರ ಪಾಲಿಶ್ ಹಚ್ಚಿದೆ. ಹಾಗೆ ಮಾಡಿದರೆ ನಂಬರ್ ಅಳಿಸುವುದಿಲ್ಲ. ಚೀಟಿಯ ಮೇಲೆ 'ಎತ್ತಿನ ತಲೆಬುರುಡೆ, ಮುರಿದು ಕೂಡಿದ ಮೂಳೆ' ಎಂದು ಬರೆದೆ. ಆರು ವರ್ಷ ಅದನ್ನಿಟ್ಟುಕೊಂಡು ಪಾಠ ಮಾಡಿದೆ. ಪ್ರತಿ ಬ್ಯಾಚಿನವರೂ ಸಾಲಾಗಿ ಬಂದು ಆ ತಗ್ಗಿನಲ್ಲಿ ಬೆರಳಿಟ್ಟು ಹೋಗುತ್ತಿದ್ದರು. "ಈ ಗಾಯ ಆದಾಗ ಇದು ಇನ್ನೂ ಕರು. ತಾನಾಗಿ ಮೇಯೋಕೆ ಆಗ್ತಿರಲಿಲ್ಲ. ಯಾರೋ ಕೂತು ತಿನ್ನಿಸಿ ಬದುಕಿಸಿದ್ದಾರೆ. ಮೂಳೆ ಇಷ್ಟೆಲ್ಲ ಹೇಳುತ್ತೆ," ಅನ್ನುತ್ತಿದ್ದೆ. ಹೇಳುವಾಗ ನನಗೇ ಹೆಮ್ಮೆ.

ಒಂದು ಆಯುಧಪೂಜೆಗೆ ಅಟೆಂಡರ್ ಮೈಕ್ರೋಸ್ಕೋಪುಗಳಿಗೆ ಕುಂಕುಮ ಹಚ್ಚುತ್ತ ಬಂದವನು ನಲವತ್ತೊಂದರ ಹಣೆಗೂ ಹಚ್ಚಿ, ಮುಂದೆ ಒಂದು ಬಾಳೆಹಣ್ಣು ಇಟ್ಟಿದ್ದ. ನಾನು ಸಿಡುಕಿದೆ. "ಇದೇನ್ರಿ, ಗುಡಿ ಮಾಡ್ತೀರಾ ಲ್ಯಾಬನ್ನ? ಕಲೆ ಹಿಡಿದರೆ ಹೋಗಲ್ಲ." ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ನಾನೇ ಒರೆಸಿದೆ. "ಎತ್ತಲ್ವೇನ್ರಿ ಮೇಡಂ," ಎಂದಷ್ಟೇ ಹೇಳಿ ಅವನು ಬಾಳೆಹಣ್ಣು ಎತ್ತಿಕೊಂಡು ಹೋದ.

ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಎರಡು ವರ್ಷ ಸತಾಯಿಸಿ ಕೊನೆಗೆ ಒಪ್ಪಿದ. ಚಳ್ಳಕೆರೆಯಲ್ಲಿ ಆಪರೇಷನ್ ಆಯಿತು, ನನ್ನ ಮನೆಯಲ್ಲೇ ಉಳಿದ. ಪಟ್ಟಿ ಬಿಚ್ಚಿದ ಮೇಲೆ ಮಗುವಿನ ಹಾಗಾಗಿಬಿಟ್ಟ. ಗೋಡೆಯ ಮೇಲಿನ ಹಲ್ಲಿ, ಎದುರುಮನೆಯ ಟೆರೇಸಿನಲ್ಲಿ ಒಣಗಿದ್ದ ಶೇಂಗಾ, ನನ್ನ ತಲೆಯ ಬಿಳಿಕೂದಲು, ಎಲ್ಲವನ್ನೂ ಕೂಗಿ ಹೇಳುತ್ತಿದ್ದ. ಊರಿಗೆ ಹೊರಡುವ ದಿನ, "ನಿನ್ನ ಅಂಗಡಿ ತೋರ್ಸು, ನೋಡ್ಕೊಂಡು ಹೋಗ್ತೀನಿ," ಅಂದ. ಅಂಗಡಿ ಎಂದರೆ ನನ್ನ ಮ್ಯೂಸಿಯಂ.

ಕಪ್ಪು ಕನ್ನಡಕ ಹಾಕಿಕೊಂಡು, ಬರಿಗಾಲಲ್ಲಿ, ಹೆಗಲ ಮೇಲೆ ಕಂಬಳಿ ಹೊದ್ದು ಅಪ್ಪ ಆ ಕೋಣೆಗೆ ಬಂದ. ಕೋಳಿಯ ಕಪಾಟು ಬಂದಾಗ ಮುಖ ಆ ಕಡೆ ತಿರುಗಿಸಿ ದಾಟಿದ. ಕಾಗೆಬಂಗಾರ ನೋಡಿ, "ಇದು ನಮ್ಮ ಕಾವಲ್ನಾಗೆ ಬೇಕಾದಷ್ಟೈತೆ, ಇದನ್ನ ಗಾಜ್ನಾಗೆ ಇಟ್ಟೀಯಲ್ಲ," ಎಂದು ಅಟೆಂಡರ್ ಕಡೆ ನೋಡಿ ನಕ್ಕ. ನಾನು ನಲವತ್ತೊಂದನ್ನು ಕೊನೆಗೆಂದು ಇಟ್ಟುಕೊಂಡಿದ್ದೆ. ನನ್ನಲ್ಲಿದ್ದ ಒಳ್ಳೆಯ ವಸ್ತು ಅದೇ. ಕಪಾಟಿನಿಂದ ತೆಗೆದು ಅಪ್ಪನ ಎರಡೂ ಕೈಗಳಲ್ಲಿ ಇಟ್ಟೆ.

ಅಪ್ಪ ಕನ್ನಡಕ ತೆಗೆದ. ಬುರುಡೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಬಲಗೈ ಹೆಬ್ಬೆರಳು ನೇರ ಹೋಗಿ ಆ ತಗ್ಗಿನಲ್ಲಿ ಕೂತಿತು. ನಾನಿನ್ನೂ ಆ ತಗ್ಗನ್ನು ತೋರಿಸಿರಲಿಲ್ಲ.

"ಏಮಿರಾ ನಾಯನಾ, ಇಕ್ಕಡುನ್ನಾವಾ?" ಅಂದ.

ಅಪ್ಪ ನಮ್ಮ ಜೊತೆ ಕನ್ನಡ ಆಡುತ್ತಿದ್ದ, ದನಗಳ ಜೊತೆ ತೆಲುಗು. ಇಲ್ಲಿದ್ದೀಯೇನೋ ಮಗನೇ ಎಂದು ಅವನು ಕೇಳಿದ್ದು ನನ್ನನ್ನಲ್ಲ.

"ಎಲ್ಲಿ ಸಿಕ್ತು ತಾಯಿ?"

"ಹಳ್ಳದಾಗೆ ಅಪ್ಪ. ಹೊರಗೇ ಬಿದ್ದಿತ್ತು."

ಅಪ್ಪ ಸ್ಟೂಲಿನ ಮೇಲೆ ಕೂತು, ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿಧಾನವಾಗಿ ಹೇಳಿದ. ಜಟಿಂಗ ರಾಮೇಶ್ವರದ ಗುಡ್ಡದ ಕೆಳಗೆ ಮೇಯಿಸುವಾಗ ಅದು ಬಂಡೆಗಳ ನಡುವೆ ಬಿದ್ದಿತಂತೆ, ಇನ್ನೂ ಹಾಲು ಕುಡಿಯುವ ಕರು. ಕಣ್ಣು ಹೋಯಿತು ಎಂದುಕೊಂಡರಂತೆ. ಅಪ್ಪ ಸೊಪ್ಪು ಅರೆದು ಕಟ್ಟಿ, ತಲೆಯನ್ನು ಅಲುಗಾಡಿಸದಂತೆ ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ಗಂಜಿ ನೆಕ್ಕಿಸಿ ಉಳಿಸಿದ್ದ. ಹದಿನೆಂಟು ವರ್ಷ ಬದುಕಿ ಒಂದು ಕಡುಬೇಸಿಗೆಯಲ್ಲಿ ಸತ್ತಿತು.

"ಮೇಲ್ಗಡೆ ನೆಲ ಕಲ್ಲಾಗಿತ್ತು. ಗುದ್ದಲಿ ಹಾಕಿದ್ರೆ ಕಿಡಿ ಹಾರ್ತಿತ್ತು. ನಂಗೂ ಭುಜ ನೋವಿತ್ತು. ಹಳ್ಳದ ದಂಡೆ ಮೆತ್ತಗೈತೆ ಅಂತ ಅಲ್ಲೇ ತೋಡ್ಸಿದೆ. ಹಿರೇರು ಬ್ಯಾಡ ಅಂದ್ರು, ನಾನೇ ಕೇಳ್ಲಿಲ್ಲ." ಬುರುಡೆಯ ಮೇಲೆ ಕೈಯಾಡಿಸಿ, "ನಿಂದೇನೂ ತಪ್ಪಿಲ್ಲ ತಾಯಿ. ನನ್ನ ಸೋಮಾರಿತನ ಇದು," ಅಂದ.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಜಾಲಿಗಿಡದ ಮರೆಯಲ್ಲಿ ಬಚ್ಚಿಟ್ಟಿದ್ದೆ ಎಂದು ಆಗಲಾದರೂ ಹೇಳಬೇಕಿತ್ತು.

"ಕೊಡ್ತೀಯಾ? ತಗೊಂಡೋಗಿ ಮತ್ತೆ ಮಣ್ಣು ಮಾಡ್ತೀವಿ. ಈ ಸಲ ಮೇಲ್ಗಡೆ."

ಕೊಡುತ್ತೇನೆ ಎಂದು ಆಗಲೇ ಚೀಲಕ್ಕೆ ಹಾಕಿಕೊಡಬೇಕಿತ್ತು. ಆದರೆ ಮುಂದಿನ ತಿಂಗಳು ಕಾಲೇಜಿಗೆ ತಪಾಸಣೆಯ ಕಮಿಟಿ ಬರುವುದಿತ್ತು. ಅವರಿಗೆ ತೋರಿಸಬೇಕಾದ ಪಟ್ಟಿಯಲ್ಲಿ ಮೊದಲ ಸಾಲಿನಲ್ಲೇ ನಾನು ನಲವತ್ತೊಂದನ್ನು ಬರೆದಿದ್ದೆ. "ಕಮಿಟಿ ಬಂದು ಹೋಗ್ಲಿ ಅಪ್ಪ. ನಾನೇ ತರ್ತೀನಿ," ಅಂದೆ.

ಅಪ್ಪ ನನ್ನ ಮುಖ ನೋಡಿದ, ಹೊಸ ಕಣ್ಣಿನಿಂದ. "ಆಗ್ಲಿ ತಾಯಿ. ನಿನ್ನ ಕೆಲ್ಸ ಕೆಡಬಾರ್ದು," ಅಂದ. ಎದ್ದು ಬುರುಡೆಯನ್ನು ತಾನೇ ಕಪಾಟಿನಲ್ಲಿಟ್ಟ. ಗಾಜಿನ ಬಾಗಿಲು ಹಾಕಲು ಅವನಿಗೆ ಬರಲಿಲ್ಲ, ಅಟೆಂಡರ್ ಹಾಕಿದ.

ಕಮಿಟಿ ಬಂತು. ಮೂವರು ಸೂಟು ಹಾಕಿಕೊಂಡವರು ಮ್ಯೂಸಿಯಂನಲ್ಲಿ ಐದು ನಿಮಿಷವೂ ನಿಲ್ಲಲಿಲ್ಲ. ಒಬ್ಬರು ಬುರುಡೆ ನೋಡಿ "ನೈಸ್" ಅಂದರು, ಆಮೇಲೆ ಊಟಕ್ಕೆ ಹೋದರು. ಅವತ್ತೇ ಸಂಜೆ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಆ ವಾರ ಸುಸ್ತು, ಮುಂದಿನ ವಾರ ಪರೀಕ್ಷೆ, ಅದರ ಮುಂದಿನ ವಾರ ಏನೆಂದು ನನಗೇ ನೆನಪಿಲ್ಲ. ನಿಜ ಹೇಳಬೇಕೆಂದರೆ ಕಾರಣವೇ ಇರಲಿಲ್ಲ. ಆ ಬುರುಡೆ ಕಪಾಟಿನಲ್ಲಿ ಚೆನ್ನಾಗಿ ಕಾಣುತ್ತಿತ್ತು, ಅಷ್ಟೇ.

ಅಪ್ಪ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ. "ಈ ವಾರ ಬರ್ತೀಯಾ ತಾಯಿ?" ಬುರುಡೆಯ ಮಾತೆತ್ತುತ್ತಿರಲಿಲ್ಲ. ಮಗಳನ್ನು ನೋಡುವ ಆಸೆ ಇರಬೇಕೆಂದು, "ಬರ್ತೀನಪ್ಪ, ಮುಂದಿನ ವಾರ," ಅನ್ನುತ್ತಿದ್ದೆ. ಕಿಲಾರಿತನವನ್ನು ದೊಡ್ಡಪ್ಪನ ಮಗನಿಗೆ ಒಪ್ಪಿಸಿ ಮನೆಗೆ ಬಂದಿದ್ದಾನೆಂದು ಅವ್ವ ಹೇಳಿದಳು. ವಯಸ್ಸಾಯಿತು, ಒಳ್ಳೆಯದೇ ಆಯಿತು ಎಂದುಕೊಂಡೆ.

ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಅಪ್ಪ ಬೇವಿನ ಮರದ ಕೆಳಗೆ ಕೂತವನು ಮತ್ತೆ ಏಳಲಿಲ್ಲ. ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಹೇಗೆ ಬಸ್ಸು ಹತ್ತಿದೆನೋ, ಕೈಯಲ್ಲಿ ಚಾಕ್‌ಪೀಸ್ ಹಾಗೇ ಇತ್ತು. ಅಪ್ಪನ ಮುಖ ನೋಡಿದರೆ ಗುರುತೇ ಸಿಗದಷ್ಟು ಸೊರಗಿತ್ತು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಜೀವಮಾನವಿಡೀ ಮೂಳೆಗಳನ್ನೇ ನೋಡಿದವಳು ಆ ಎರಡು ಮೂಳೆಗಳನ್ನು ನೋಡಲಾರದೆ ಹೊರಗೆ ಬಂದೆ.

ಮೂರನೇ ದಿನ ಹಾಲು ತುಪ್ಪ ಬಿಡುವ ಶಾಸ್ತ್ರ. ಅಪ್ಪನನ್ನು ಮಣ್ಣು ಮಾಡಿದ ಗುಡ್ಡೆಯ ಸುತ್ತ ಮನೆಯವರೆಲ್ಲ ನಿಂತಿದ್ದೆವು. ಒಬ್ಬೊಬ್ಬರೇ ಚೊಂಬಿನಿಂದ ಹಾಲು ಬಿಟ್ಟು ಕೈಮುಗಿದು ಸರಿಯುತ್ತಿದ್ದರು. ನನ್ನ ಸರದಿ ಬಂತು. ಚೊಂಬು ಬಗ್ಗಿಸುವಷ್ಟರಲ್ಲಿ ಅವ್ವ ನನ್ನ ಮಣಿಕಟ್ಟು ಹಿಡಿದಳು.

"ನೀನು ಬಿಡಬ್ಯಾಡ."

ಎಲ್ಲರೂ ನೋಡಿದರು. ಅವ್ವನ ದನಿ ಏರಲಿಲ್ಲ. "ಚಳ್ಳಕೆರೆಯಿಂದ ಬಂದ ದಿನದಿಂದ ನಿಮ್ಮಪ್ಪ ಹಾಲು ಮುಟ್ಟಿಲ್ಲ. ಮಜ್ಜಿಗೆ ಇಲ್ಲ, ತುಪ್ಪ ಇಲ್ಲ. ಆ ಬುರುಡೆ ಮಣ್ಣಿಗೆ ಹೋಗೋ ಗಂಟ ನನ್ನ ಬಾಯಿಗೆ ಬ್ಯಾಡ ಅಂತ ದೇವ್ರ ಮುಂದೆ ಅಂದಿದ್ದ. ಬರೀ ಮುದ್ದೆ, ಉಪ್ಪು, ಕಾರ. ನಿಂಗೆ ಫೋನ್ ಮಾಡಿ ಹೇಳ್ತೀನಿ ಅಂದ್ರೆ ಬಿಡ್ಲಿಲ್ಲ. ಅವಳಿಗೆ ಕೆಲ್ಸ ಐತೆ, ತಾನಾಗೇ ತರ್ತಾಳೆ ಅಂದ. ಬಾಯಿಗೆ ಬ್ಯಾಡ ಅಂದವನ ಮೇಲೆ ಈಗ ನೀನು ಹಾಲು ಬಿಡ್ತೀಯಾ?"

ನಾನು ಚೊಂಬನ್ನು ಅವ್ವನ ಕೈಗೆ ಕೊಟ್ಟೆ.

ಮಧ್ಯಾಹ್ನದ ಬಸ್ಸಿಗೇ ಚಳ್ಳಕೆರೆಗೆ ಬಂದೆ. ಪ್ರಿನ್ಸಿಪಾಲರಿಗೆ ವಿಷಯ ತಿಳಿಸಿದಾಗ ಅವರು ಕೂಡಲೇ ಒಪ್ಪಿ ತಲೆಯಾಡಿಸಿದರು. ಇಷ್ಟು ಸುಲಭವಿತ್ತು. ಲ್ಯಾಬಿನಲ್ಲಿ ಕೂತು ಅಸಿಟೋನ್ ಹಾಕಿ ನಂಬರನ್ನು ಉಜ್ಜಿದೆ. ಶಾಯಿ ಹೋಗುತ್ತಿದ್ದಂತೆ ಮೂಳೆಯ ಸಣ್ಣ ರಂಧ್ರಗಳಲ್ಲಿ ಕಪ್ಪು ಇಳಿದು ನಿಂತಿತು. ಬ್ಲೇಡಿನಿಂದ ಕೆರೆದೆ. ಅಟೆಂಡರ್ ಬಂದು ನನ್ನ ಕೈಯಿಂದ ಬ್ಲೇಡು ತೆಗೆದುಕೊಂಡು, "ಸಾಕು ಬಿಡ್ರಿ ಮೇಡಂ, ಅದಕ್ಕೆ ನೋವಾಗುತ್ತೆ," ಅಂದ. ತನ್ನ ಮನೆಯಿಂದ ಹೊಸ ಟವೆಲ್ ತಂದು ಅದಕ್ಕೆ ಸುತ್ತಿಕೊಟ್ಟ. ನಾನು ಬೇಡ ಅನ್ನಲಿಲ್ಲ.

ಮಾರನೆಯ ದಿನ ಬೆಳಗಿನ ಮೊದಲ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ದೊಡ್ಡಪ್ಪನ ಮಗ, ಊರಿನ ಇಬ್ಬರು ಹಿರಿಯರು ಕಾವಲಿನ ಮೇಲ್ಗಡೆ ಕಾಯುತ್ತಿದ್ದರು. ನೆಲ ಅಪ್ಪ ಹೇಳಿದ ಹಾಗೇ ಕಲ್ಲಾಗಿತ್ತು. ತೋಡಲು ಹೊತ್ತು ನೆತ್ತಿಗೇರುವವರೆಗೆ ಹಿಡಿಯಿತು. ಹೊಸ ಕಿಲಾರಿಗೆ ಏದುಸಿರು ಬರುತ್ತಿತ್ತು, ಆದರೆ ಯಾರೂ ಹಳ್ಳದ ಕಡೆ ಕೈ ತೋರಿಸಲಿಲ್ಲ. ಉರುಮೆಯವನು ಒಬ್ಬನೇ ಬಂದಿದ್ದ. ಬುರುಡೆಯನ್ನು ಗುಂಡಿಯೊಳಗೆ ಇಳಿಸುವಾಗ ಜಾಲಿಗಿಡದ ವಿಷಯವನ್ನು ಎಲ್ಲರ ಮುಂದೆ ಹೇಳಿದೆ. ಹಿರಿಯರೊಬ್ಬರು, "ಈಗ ಹೇಳಿ ಏನಮ್ಮ," ಅಂದರು. ಅದರಲ್ಲಿ ಸಿಟ್ಟಿರಲಿಲ್ಲ.

ಅಲ್ಲಿಂದ ಅವ್ವ ನನ್ನನ್ನು ಅಪ್ಪನ ಗುಡ್ಡೆಗೆ ಕರೆದುಕೊಂಡು ಹೋದಳು. ಸೆರಗಿನ ಮರೆಯಿಂದ ಚೊಂಬು ತೆಗೆದು ನನ್ನ ಕೈಗೆ ಕೊಟ್ಟಳು.

"ಈಗ ಬಿಡು. ಹಾಲು ಮುಟ್ಟಿ ಎರಡೂವರೆ ತಿಂಗಳಾತು."

ಬಿಟ್ಟೆ. ಒಣಗಿದ ಮಣ್ಣು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೀರಿಕೊಂಡಿತು, ಒದ್ದೆ ಕೂಡ ಉಳಿಯಲಿಲ್ಲ. ಮತ್ತೆ ಬಗ್ಗಿಸಿದೆ. ಅದೂ ಹೋಯಿತು.

"ಇನ್ನೊಂದಿಷ್ಟು ಐತೇನವ್ವ?" ಅಂದೆ.

"ಇಲ್ಲ," ಅಂದಳು ಅವ್ವ. "ಅಷ್ಟೇ ತಂದಿದ್ದು."